ಕೆಂಪ ಗುಲಾಬಿ ಯಾರ ಸ್ವತ್ತು?

ಹೋದ ಸಲ ಹುಣಸಿ ತೊಕ್ಕಿನ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿ ಮಾತಾಡಿದ್ರಿ, ಖುಷಿ ಆತು. ಈ ಸಲ ತಿನ್ನೋ ಪದಾರ್ಥ ಅಲ್ಲ, ಮುಡಿಯೋ ಪದಾರ್ಥದ ಬಗ್ಗೆ ಬರೀಲಿಕತ್ತೇನಿ. ಕೆಂಪ ಗುಲಾಬಿ. ಓದಿದ ಮ್ಯಾಲೆ ಕೆಲವರಿಗೆ ಸಿಟ್ಟು ಬರಬಹುದು. ಬಂದ್ರ ಬರಲಿ, ಆದ್ರ ಕಡೀತನಕಾ ಓದಿ ಆಮ್ಯಾಲೆ ಸಿಟ್ಟಾಗ್ರಿ.

ನನ್ನ ಮಾತು ಇಷ್ಟ. ಕೆಂಪ ಗುಲಾಬಿಗೆ ಅರ್ಥ ಅನ್ನೋದು ಗಿಡದಾಗ ಬೆಳದು ಬಂದಿಲ್ಲ. ಒಂದೊಂದು ಕಾಲದಾಗ ಒಂದೊಂದು ದೇಶದ ಮಂದಿ ತಮಗ ಬೇಕಾದ ಅರ್ಥ ಅದಕ್ಕ ಹಚ್ಚಿದ್ರು, ಬ್ಯಾಡಾದಾಗ ತಗದು ಬ್ಯಾರೆ ಅರ್ಥ ಹಚ್ಚಿದ್ರು. ಅರಿಷಿಣ-ಕುಂಕುಮದಾಗ ಗಂಡ ಹೋದ ಹೆಣ್ಣಮಗಳ ಮುಂದ ಹೂವಿನ ತಾಟು ನಿಲ್ಲಸದ ಮುಂದಿನಾಕಿ ಕಡೆ ಒಯ್ಯತೇವಲ್ಲ, ಅದೂ ಹಂಗ ಹಚ್ಚಿದ ಒಂದು ಅರ್ಥ. ಮನಷ್ಯಾರು ಹಚ್ಚಿದ್ದನ್ನ ಮನಷ್ಯಾರು ತಗೀಬಹುದು. ತಗೀಬೇಕು ಅಂತ ನಾ ಹೇಳೋದು.

ಇಷ್ಟ ಹೇಳಿ ಸುಮ್ಮನಾದ್ರ ‘ಪಿಯುಸಿ ಓದಿದಾಕಿ ನಿನಗೇನು ಗೊತ್ತವಾ’ ಅಂತೀರಿ. ಅದಕ್ಕ ಈ ಗುಲಾಬಿ ಜಾತಕಾನೇ ಬಿಚ್ಚಿ ನಿಮ್ಮ ಮುಂದ ಇಡ್ತೇನಿ. ನನ್ನ ಮಗಳು ಇತಿಹಾಸ ಓದಿದಾಕಿ, ಪುಸ್ತಕ ತಂದು ಕೊಟ್ಟಾಳ. ಮಧ್ಯಾಹ್ನ ಅಡಗಿ ಮನಿ ಕೆಲಸ ಮುಗದ ಮ್ಯಾಲೆ ಕೂತು ಓದೇನಿ.

ಮೊದಲ ಹೆಸರಿನಿಂದ ಸುರು ಮಾಡೋಣ. ‘ಗುಲಾಬಿ’ ನಮ್ಮ ಹಳೇ ಶಬ್ದ ಅಲ್ಲ. ಪಾರ್ಸಿ ಭಾಷಾದಾಗ ‘ಗುಲ್’ ಅಂದ್ರ ಹೂವು, ಅದರಾಗೂ ಗುಲಾಬಿ ಹೂವು. ‘ಆಬ್’ ಅಂದ್ರ ನೀರು. ಎರಡೂ ಕೂಡಿದ್ರ ಗುಲಾಬ್, ಅಂದ್ರ ಗುಲಾಬಿ ನೀರು, ನಾವು ಮದುವಿಯೊಳಗ ಗುಲಾಬದಾನಿಯಿಂದ ಚಿಮುಕಸ್ತೇವಲ್ಲ, ಅದು. ನೀರಿನ ಹೆಸರನ್ನ ನಾವು ಹೂವಿಗೆ ಇಟ್ಟಬಿಟ್ಟೇವಿ. ಗುಲ್ಕಂದ ಅನ್ನೋದೂ ಅಲ್ಲಿದೇ: ಗುಲ್ ಅಂದ್ರ ಗುಲಾಬಿ, ಕಂದ್ ಅಂದ್ರ ಸಕ್ಕರಿ. ಮಲ್ಲಿಗಿ, ಸಂಪಿಗಿ, ಕ್ಯಾದಿಗಿ, ತಾವರಿ ಇವೆಲ್ಲಾ ನಮ್ಮ ಹಾಡಿನ್ಯಾಗ, ಆರತಿ ಪದದಾಗ ಹುಟ್ಟಿನಿಂದ ಅವ. ಗುಲಾಬಿ ಹಂಗಲ್ಲ, ಹೊರಗಿನ ಹೆಸರು ಹೊತ್ತುಕೊಂಡು ನಮ್ಮ ಹೆರಳಿಗೆ ಬಂದು ಕೂತದ. ಬಂದದ್ದು ಛಲೋನೇ ಆತು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆಮ್ಯಾಲೆ ಬಂದ ಹೂವು ಅನ್ನೋದು ನೆನಪಿರಲಿ, ಮುಂದ ಕೆಲಸಕ್ಕ ಬರ್ತದ.

ಇನ್ನ ಕೆಂಪ ಬಣ್ಣದ ಕಥಿ. ಕಾಡಿನ್ಯಾಗ ಬೆಳಿಯೋ ಮೂಲ ಗುಲಾಬಿಗೆ ಸಾಮಾನ್ಯ ಐದೇ ಪಕಳಿ. ಈಗಿನಂಗ ಪದರ ಪದರ ಇರೂದಿಲ್ಲ. ಹಳೇ ಗ್ರೀಕರ ಪುರಾಣದಾಗ ಅಫ್ರೊಡೈಟಿ ಅಂತ ಪ್ರೀತಿ ದೇವತಿ. ಅಕಿ ಮೆಚ್ಚಿದ ಅಡೋನಿಸ್ ಅನ್ನಾವನ್ನ ಕಾಡಹಂದಿ ತಿವಿದಾಗ ಅಕಿ ಬರಿಗಾಲಲೇ ಓಡತಾಳ. ದಾರಿಯೊಳಗ ಮುಳ್ಳು ಚುಚ್ಚಿ ಕಾಲಾಗ ರಕ್ತ ಬರ್ತದ, ಆ ರಕ್ತ ಬಿದ್ದು ಬಿಳೇ ಗುಲಾಬಿ ಕೆಂಪಾತು ಅಂತ ಕಥಿ. ಇಲ್ಲೆ ನೋಡ್ರಿ, ಎಲ್ಲಾರೂ ‘ಕೆಂಪ ಗುಲಾಬಿ ಅಂದ್ರ ಪ್ರೀತಿ’ ಅಂತಾರ. ಆದ್ರ ಆ ಕಥಿಯೊಳಗಿನ ಪ್ರೀತಿ ಎಂಥಾದ್ದು? ಸಾಯಲಿಕತ್ತಾವನ ಕಡೆ ಓಡೋ ಹೆಂಗಸಿನ ಪ್ರೀತಿ. ಗುಲಾಬಿ ಕೆಂಪಾದದ್ದು ಆ ದುಃಖದಾಗ, ಲಗ್ನದ ಚಪ್ಪರದಾಗ ಅಲ್ಲ.

ರೋಮಿನ ಮಂದಿ ಅಂತೂ ಈ ಹೂವನ್ನ ಎರಡೂ ಕಡೆ ಬಳಸ್ತಿದ್ರು. ಶ್ರೀಮಂತರ ಊಟದಾಗ ಪಕಳಿ ಸುರೀತಿದ್ರು, ತಲಿಗೆ ಗುಲಾಬಿ ಮಾಲಿ ಸುತ್ತಿಕೊಂಡು ಕೂಡ್ತಿದ್ರು. ಅದೇ ಮಂದಿ ‘ರೊಸೇಲಿಯಾ’ ಅಂತ ಒಂದು ಹಬ್ಬ ಮಾಡ್ತಿದ್ರು, ಅವತ್ತು ತಮ್ಮ ಮನಿಯೊಳಗ ತೀರಿಕೊಂಡವರ ಸಮಾಧಿಗೆ ಹೋಗಿ ಗುಲಾಬಿ ಏರಿಸಿ ಬರ್ತಿದ್ರು. ಸತ್ತವರನ್ನ ನೆನಸ್ಕೊಳ್ಳೋ ಹೂವು ಗುಲಾಬಿ. ಅವರ ಪ್ರಕಾರ ದುಃಖದ ಮನಿಗೂ ಗುಲಾಬಿಗೂ ವೈರತ್ವ ಇರಲಿಲ್ಲ.

ಆಮ್ಯಾಲೆ ಯುರೋಪಿನ್ಯಾಗ ಕ್ರಿಶ್ಚನ್ ಧರ್ಮ ಬಂತು. ಗುಲಾಬಿ ಮಾಲಿ ಅಂದ್ರ ರೋಮಿನವರ ಕುಡಿತ-ಕುಣಿತದ ಗುರ್ತು ಅಂತ ಮೊದಮೊದಲಿನ ಗುರುಗಳು ಅದನ್ನ ದೂರ ಇಟ್ರು. ಸ್ವಲ್ಪ ಕಾಲ ಕಳೀತು ನೋಡ್ರಿ, ಅದೇ ಕೆಂಪ ಗುಲಾಬಿ ಧರ್ಮಕ್ಕಾಗಿ ಜೀವಾ ಕೊಟ್ಟವರ ರಕ್ತದ ಗುರ್ತು ಆತು. ತಾಯಿ ಮೇರಿಗೆ ‘ಮುಳ್ಳಿಲ್ಲದ ಗುಲಾಬಿ’ ಅಂದ್ರು. ಅವರು ಜಪ ಮಾಡೋ ಮಣಿಸರಕ್ಕ ರೋಸರಿ ಅಂತಾರಲ್ಲ, ಆ ಶಬ್ದಾನೂ ಲ್ಯಾಟಿನ್ ಭಾಷಾದ ಗುಲಾಬಿ ತೋಟ ಅನ್ನೋ ಅರ್ಥದ್ದು. ಹೂವು ಬದಲಾಗಲಿಲ್ಲ, ನೋಡೋ ಕಣ್ಣು ಬದಲಾತು.

ಇಂಗ್ಲೆಂಡಿನ ಕಥಿ ಇನ್ನೂ ಮಜಾ ಅದ. 1455ರಿಂದ 1487ರ ತನಕ ಅಲ್ಲೆ ಒಂದೇ ರಾಜಮನೆತನದ ಎರಡು ಕವಲು ಸಿಂಹಾಸನಕ್ಕ ಹೊಡದಾಡಿದ್ರು. ನಮ್ಮ ದಾಯಾದಿ ಜಗಳ ಇದ್ದಂಗ. ಒಂದು ಲ್ಯಾಂಕಾಸ್ಟರ್, ಇನ್ನೊಂದು ಯಾರ್ಕ್. ಲ್ಯಾಂಕಾಸ್ಟರ್‌ದು ಕೆಂಪ ಗುಲಾಬಿ, ಯಾರ್ಕ್‌ದು ಬಿಳೇ ಗುಲಾಬಿ, ಅದಕ್ಕ ಅದು ‘ಗುಲಾಬಿಗಳ ಯುದ್ಧ’ ಅಂತ ಸಾಲ್ಯಾಗ ಕಲಸ್ತಾರ. ಆದ್ರ ಯುದ್ಧ ನಡದಾಗ ಕೆಂಪ ಗುಲಾಬಿ ಹೆಚ್ಚು ಕಾಣಿಸಿದ್ದೇ ಇಲ್ಲ. 1485ರಾಗ ಏಳನೇ ಹೆನ್ರಿ ಗೆದ್ದ. 1486ರಾಗ ಎದುರು ಪಕ್ಷದ ಮನಿ ಮಗಳು ಎಲಿಜಬೆತ್‌ನ ಲಗ್ನ ಆದ. ಎರಡೂ ಮನಿ ಕೂಡಿದವು ಅಂತ ತೋರಸ್ಲಿಕ್ಕೆ ಕೆಂಪ ಗುಲಾಬಿ ಮತ್ತ ಬಿಳೇ ಗುಲಾಬಿ ಕೂಡಿಸಿ ‘ಟ್ಯೂಡರ್ ಗುಲಾಬಿ’ ಅಂತ ಒಂದು ಚಿತ್ರ ಮಾಡಿಸಿದ. ಜೋಡಿ ತೋರಸ್ಬೇಕಂದ್ರ ಎರಡು ಹೂ ಬೇಕಲ್ಲ, ಅದಕ್ಕ ಕೆಂಪ ಗುಲಾಬಿಗೆ ಅಷ್ಟು ಮಹತ್ವ ಬಂತು. ಆಮ್ಯಾಲೆ ಶೇಕ್ಸ್‌ಪಿಯರ್ ತನ್ನ ನಾಟಕದಾಗ ಎರಡೂ ಪಕ್ಷದವರು ತೋಟದಾಗ ನಿಂತು ಒಬ್ಬೊಬ್ಬರು ಒಂದೊಂದು ಬಣ್ಣದ ಗುಲಾಬಿ ಹರಿಯೋ ಪ್ರಸಂಗ ಕಟ್ಟಿದ. ವಾಲ್ಟರ್ ಸ್ಕಾಟ್ 1829ರಾಗ ಒಂದು ಕಾದಂಬರಿ ಬರದ ಮ್ಯಾಲೆ ‘ಗುಲಾಬಿಗಳ ಯುದ್ಧ’ ಅನ್ನೋ ಹೆಸರು ಗಟ್ಟಿ ಆತು. ಅಂದ್ರ ಯುದ್ಧ ಮುಗದು ಮುನ್ನೂರು ವರ್ಷದ ಮ್ಯಾಲೆ! ‘ಹಿಂದಿನಿಂದ ಬಂದದ್ದು’ ಅಂತ ನಾವು ಹೇಳೋ ಎಷ್ಟೋ ಮಾತು ಹಿಂಗ ನಡುವ ಯಾರೋ ಸೇರಿಸಿದ್ದಿರ್ತಾವ.

ಇನ್ನೊಂದು ಗಮ್ಮತ್ತು. ಆ ಲ್ಯಾಂಕಾಸ್ಟರ್ ‘ಕೆಂಪ’ ಗುಲಾಬಿ ಅನ್ನೋದು ನಮ್ಮ ಕಣ್ಣಿಗೆ ಕೆಂಪೇ ಅಲ್ಲ. ಅದನ್ನ ನಮ್ಮ ಸೀರಿ ಅಂಗಡಿಯವರಿಗೆ ತೋರಿಸಿದ್ರ ರಾಣಿ ಬಣ್ಣ ಅಂತಾರ. ಯುರೋಪಿನ್ಯಾಗ ಅದನ್ನ ಔಷಧ ಮಾಡೋರ ಗುಲಾಬಿ ಅಂತಿದ್ರು. ಫ್ರಾನ್ಸಿನ ಪ್ರೊವಾನ್ ಅನ್ನೋ ಊರು ಇದರ ಬೆಳಿಗೆ ಹೆಸರಾಗಿತ್ತು, ಪಕಳಿ ಒಣಗಿಸಿ, ಸಕ್ಕರಿಯೊಳಗ ಹಾಕಿ ಔಷಧ ಅಂತ ಮಾರ್ತಿದ್ರು. ಗುಲ್ಕಂದನೇ ಅನ್ರಲಾ!

ಔಷಧ ಅಂದ ಕೂಡಲೇ ಅತ್ತರಿನ ಮಾತು ನೆನಪಾತು. ನಮ್ಮ ದೇಶದಾಗ 17ನೇ ಶತಮಾನದ ಸುರುವಿಗೆ ಬಾದಶಹಾ ಜಹಾಂಗೀರ್ ತನ್ನ ಆತ್ಮಕಥಿಯೊಳಗ ಗುಲಾಬಿ ಅತ್ತರಿನ ಬಗ್ಗೆ ಬರದಾನ. ನೂರ್ ಜಹಾನಳ ತಾಯಿ ಅಸ್ಮತ್ ಬೇಗಂ ಗುಲಾಬಿ ನೀರು ಮಾಡೋ ಮುಂದ, ಬಿಸಿ ನೀರು ಹಾಕಿದ ಪಾತ್ರಿ ಮ್ಯಾಲೆ ಎಣ್ಣಿ ಜಿಡ್ಡಿನಂಗ ತೇಲಿದ್ದು ನೋಡಿದಳು, ಸ್ವಲ್ಪ ಸ್ವಲ್ಪ ಕೆನಿ ತಗದಂಗ ತಗದು ಕೂಡಿಸಿಟ್ಟಳು. ಒಂದು ಹನಿ ಅಂಗೈಗೆ ತಿಕ್ಕಿದ್ರ ಕೂತ ಸಭಾಕ್ಕೆಲ್ಲಾ ವಾಸನಿ. ಬಾದಶಹಾ ಖುಷಿ ಆಗಿ ಅಕಿಗೆ ಮುತ್ತಿನ ಸರಾ ಕೊಟ್ಟ. ಹಾಲಿನ ಮ್ಯಾಲಿನ ಕೆನಿ ತಗಿಯೋ ಕೈಯೇ ಅತ್ತರೂ ತಗೀತು, ನನಗ ಓದಿ ಭಾಳ ಹೆಮ್ಮಿ ಅನಿಸ್ತು. ಅತ್ತರಿಗೆ ಹೆಸರು ಮಾತ್ರ ‘ಇತ್ರ್-ಎ-ಜಹಾಂಗೀರಿ’ ಅಂತ ಬಾದಶಹಾಂದು ಬಿತ್ತು!

ಈಗ ನಮ್ಮ ಕುಂಡದಾಗಿನ ಗಿಡಕ್ಕ ಬರೋಣ. ನಾವು ಕೆಂಪ ಗುಲಾಬಿ ಅಂತ ಮುಡಿಯೋದು, ಕಡುಗೆಂಪು, ಮತ್ತ ಮತ್ತ ಬಿಡೋ ಹೂವು, ಇದರ ಮೂಲ ಚೀನಾದಾಗ ಅದ. ಯುರೋಪಿನ ಹಳೇ ಗುಲಾಬಿ ಬಹಳಷ್ಟು ವರ್ಷಕ್ಕ ಒಂದೇ ಸಲ ಹೂ ಬಿಡ್ತಿದ್ವು, ಬಣ್ಣಾನೂ ದಿನ ಕಳದಂಗ ನೇರಳಿ ಕಡೆ ಹೊಳ್ಳತಿತ್ತು. ಚೀನಾದವರು ಮಾತ್ರ ತಮ್ಮ ತೋಟದಾಗ ಪದೇ ಪದೇ ಅರಳೋ ಜಾತಿ ಬೆಳಸಿಕೊಂಡು ಬಂದಿದ್ರು. 1792ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ವ್ಯವಹಾರದ ಗಿಲ್ಬರ್ಟ್ ಸ್ಲೇಟರ್ ಅನ್ನಾವ ಒಂದು ಕಡುಗೆಂಪು ಚೀನೀ ಗುಲಾಬಿಯನ್ನ ಇಂಗ್ಲೆಂಡಿಗೆ ತರಿಸಿ ಬೆಳಸಿದ. ಅದರ ಹೆಸರು ಇವತ್ತಿಗೂ ‘ಸ್ಲೇಟರ್ಸ್ ಕ್ರಿಮ್ಸನ್ ಚೈನಾ’. ಆ ಕೆಂಪು, ಆ ಪದೇ ಪದೇ ಹೂ ಬಿಡೋ ಗುಣ, ಎರಡನ್ನೂ ಅಲ್ಲಿನ ಗುಲಾಬಿಗೆ ಕೂಡಿಸಿ ಕೂಡಿಸಿ ಹೊಸ ಜಾತಿ ಮಾಡಿದ್ರು. 1867ರಾಗ ಫ್ರಾನ್ಸಿನ ಗಿಯೋ ಅನ್ನೋ ತೋಟಗಾರ ‘ಲಾ ಫ್ರಾನ್ಸ್’ ಅಂತ ಒಂದು ಗುಲಾಬಿ ಹೊರಗ ತಂದ. ನಾವು ನರ್ಸರಿಯೊಳಗ ತರೋ ಉದ್ದ ಮೊಗ್ಗಿನ, ಒಂದು ದಂಟಿಗೆ ಒಂದು ದೊಡ್ಡ ಹೂವಿನ ಹೈಬ್ರಿಡ್ ಟೀ ಗುಲಾಬಿ ಅದಾವಲ್ಲ, ಆ ಪೀಳಗಿ ಸುರು ಆಗೋದನ್ನ ಅಲ್ಲಿಂದ ಎಣಸ್ತಾರ.

ಈಗ ನೀವೇ ಹೇಳ್ರಿ. 1867ರ ಮ್ಯಾಲೆ ಹುಟ್ಟಿದ ವಂಶದ ಹೂವನ್ನ ಯಾರು ಮುಡೀಬೇಕು, ಯಾರು ಮುಡೀಬಾರದು ಅಂತ ಯಾವ ಋಷಿ ಬರದಿಟ್ಟಾರು? ‘ಶಾಸ್ತ್ರದಾಗ ಅದ’ ಅನ್ನೋರು ಯಾವ ಶಾಸ್ತ್ರದಾಗ, ಯಾವ ಪುಟದಾಗ ಅಂತ ತೋರಸ್ಲಿ. ಗುಲಾಬಿ ನಮ್ಮ ಮನಿಗೆ ಬಂತು, ಮಲ್ಲಿಗಿಗೆ ಹಾಕಿದ ಬೇಲಿಯನ್ನ ನಾವೇ ಅದಕ್ಕೂ ಎಳದು ಹಾಕಿದ್ವಿ, ಅಷ್ಟ. ಮಲ್ಲಿಗಿಗೂ ಆ ಬೇಲಿ ಬೇಕಾಗಿತ್ತೇನು ಅನ್ನೋದು ಇನ್ನೊಂದು ಮಾತು. ಅದೂ ಬೇಕಾಗಿರಲಿಲ್ಲ ಅನ್ನಾಕಿ ನಾನು.

ಇನ್ನ ‘ಕೆಂಪ ಗುಲಾಬಿ ಅಂದ್ರ ಪ್ರೇಮಿಗೋಳ ಹೂವು’ ಅನ್ನೋದರ ಮಾತು. ಫೆಬ್ರುವರಿ 14 ಬಂತಂದ್ರ ಕೆಂಪ ಗುಲಾಬಿ ರೇಟು ಗಗನಕ್ಕ ಏರ್ತದ, ನಮ್ಮ ಬೆಂಗಳೂರ ಸುತ್ತಮುತ್ತ ಬೆಳದ ಗುಲಾಬಿ ವಿಮಾನ ಹತ್ತಿ ಪರದೇಶಕ್ಕ ಹೋಗ್ತಾವ. ಈ ಅರ್ಥ ಎಷ್ಟು ಹಳೇದು? 1717ರ ಸುಮಾರಿಗೆ ತುರ್ಕಿಯೊಳಗ ಇಂಗ್ಲಿಷ್ ರಾಯಭಾರಿ ಹೆಂಡತಿ ಲೇಡಿ ಮೇರಿ ಮಾಂಟೆಗ್ಯು ಅಂತ ಇದ್ದಳು. ಮೈಲಿಬ್ಯಾನಿಗೆ ಅಲ್ಲಿನ ಹೆಂಗಸೂರು ಚುಚ್ಚೋದನ್ನ ನೋಡಿ ತನ್ನ ಮಕ್ಕಳಿಗೂ ಚುಚ್ಚಿಸಿದ ಜಾಣಿ ಅಕಿ. ತುರ್ಕಿ ಹೆಂಗಸೂರು ಹೂವು, ಹಣ್ಣು, ದಾರದ ತುಣುಕು ಇಂಥಾವನ್ನ ಕಳಿಸಿ ಅದರಿಂದಲೇ ಮನಸಿನ ಮಾತು ಹೇಳ್ತಾರ ಅಂತ ಊರಿಗೆ ಪತ್ರ ಬರದಳು. ಆ ವಿಚಾರ ಯುರೋಪಿನ್ಯಾಗ ಹಬ್ಬಿತು. 1819ರಾಗ ಪ್ಯಾರಿಸಿನ್ಯಾಗ ಶಾರ್ಲೆಟ್ ದ ಲಾತೂರ್ ಅನ್ನೋ ಹೆಸರಿಲೆ ‘ಹೂವಿನ ಭಾಷೆ’ ಅಂತ ಒಂದು ಪುಸ್ತಕ ಬಂತು. ಆಮ್ಯಾಲೆ ಇಂಗ್ಲೆಂಡಿನ್ಯಾಗ ಅಂಥಾ ಪುಸ್ತಕ ರಾಶಿ ರಾಶಿ ಬಂದು. ಯಾವ ಹೂವಿಗೆ ಯಾವ ಅರ್ಥ ಅಂತ ನಮ್ಮ ಪಂಚಾಂಗದ ಕೋಷ್ಟಕದಂಗ ಬರದು ಮಾರಿದ್ರು. ಒಂದು ಪುಸ್ತಕದ ಅರ್ಥ ಇನ್ನೊಂದು ಪುಸ್ತಕಕ್ಕ ಕೂಡ್ತಿರಲಿಲ್ಲ. ಕೆಂಪ ಗುಲಾಬಿ ಪ್ರೀತಿ ಅನ್ನೋದು ಮಾತ್ರ ಗಟ್ಟಿ ನಿಂತು ಬಿಟ್ಟಿತು, ಅಂಗಡಿಯವರಿಗೆ ಅನುಕೂಲಾನೂ ಆತು.

ಅದೇ ಗುಲಾಬಿಯನ್ನ ದುಡಿಯೋ ಹೆಣ್ಣಮಕ್ಕಳು ಬ್ಯಾರೆ ಅರ್ಥಕ್ಕ ಬಳಸಿಕೊಂಡ್ರು. ಅಮೆರಿಕಾದಾಗ 1912ರಾಗ ಲಾರೆನ್ಸ್ ಅನ್ನೋ ಊರಿನ ಬಟ್ಟಿ ಗಿರಣಿಯೊಳಗ ಪಗಾರ ಕಡಿಮಿ ಮಾಡಿದ್ದಕ್ಕ ಇಪ್ಪತ್ತು ಸಾವಿರಕ್ಕ ಮ್ಯಾಲೆ ಮಂದಿ ಕೆಲಸ ಬಿಟ್ಟು ಬೀದಿಗೆ ಬಂದ್ರು. ಮುಂದ ನಿಂತವರಾಗ ಹೆಂಗಸೂರು ಭಾಳ. ಚಳಿಗಾಲದಾಗ ನಡದ ಆ ಹೋರಾಟಕ್ಕ ಆಮ್ಯಾಲೆ ‘ರೊಟ್ಟಿ ಮತ್ತ ಗುಲಾಬಿ’ ಹೋರಾಟ ಅಂತಲೇ ಹೆಸರು ಬಿತ್ತು. ಅದೇ ವರ್ಷ ಟೊಪಿಗಿ ಹೊಲಿಯೋ ಕೆಲಸದಿಂದ ಮ್ಯಾಲೆ ಬಂದ ರೋಸ್ ಶ್ನೈಡರ್‌ಮನ್ ಅನ್ನೋ ಹೆಣ್ಣಮಗಳು, ನೋಡ್ರಿ ಅಕಿ ಹೆಸರೇ ಗುಲಾಬಿ, ಭಾಷಣದಾಗ ಹೇಳಿದಳು: ದುಡಿಯೋ ಹೆಂಗಸಿಗೆ ರೊಟ್ಟಿ ಬೇಕು, ಆದ್ರ ಬರೇ ರೊಟ್ಟಿ ಸಾಲಂಗಿಲ್ಲ, ಗುಲಾಬಿನೂ ಬೇಕು. ಅಂದ್ರ ಹೊಟ್ಟಿ ತುಂಬಿದ್ರ ಮುಗೀತು ಅನಬ್ಯಾಡ್ರಿ, ಜೀವಕ್ಕ ಒಂದಿಷ್ಟು ಛಂದಾನೂ ಬೇಕು ಅಂತ.

ಈ ಮಾತು ಓದಿದಾಗ ನನಗ ನಮ್ಮ ಓಣಿ ಕಣ್ಣ ಮುಂದ ಬಂತು. ನಮ್ಮಲ್ಲೆ ಗಂಡ ಹೋದಾಕಿಗೆ ರೊಟ್ಟಿ ಕೊಡೂದಿಲ್ಲ ಅಂತ ಯಾರೂ ಅನ್ನಂಗಿಲ್ಲ. ಮಕ್ಕಳು ನೋಡ್ಕೋತಾರ, ಪೆನ್ಶನ್ ಬರ್ತದ, ‘ಉಂಡ್ರೇನು ವೈನಿ’ ಅಂತ ನಾವೂ ಕೇಳ್ತೇವಿ. ಗುಲಾಬಿ ಮಾತು ಬಂದಾಗ ಮಾತ್ರ ಎಲ್ಲಾರೂ ಗ್ವಾಡಿ ನೋಡ್ತಾರ.

ನಮ್ಮ ಹಿಂದಿನ ಮನಿ ವೈನಿ ಒಬ್ಬರು ಇದ್ದಾರ. ಅವರ ಯಜಮಾನ್ರು ಹೋಗಿ ಒಂಬತ್ತು ವರ್ಷ ಆತು. ಮಾಳಗಿ ಮ್ಯಾಲೆ ಖಾಲಿ ಪೇಂಟಿನ ಡಬ್ಬಿಯೊಳಗ ಹದಿನಾಲ್ಕು ಗುಲಾಬಿ ಗಿಡಾ ಹಚ್ಚ್ಯಾರ. ಚಹಾಪುಡಿ ಚರಟಾ, ಉಳ್ಳಾಗಡ್ಡಿ ಸಿಪ್ಪಿ ಎಲ್ಲಾ ಆ ಗಿಡಕ್ಕ. ಶ್ರಾವಣದಾಗ ಪ್ರತಿ ಶುಕ್ರವಾರ ಸ್ಟೀಲಿನ ಡಬ್ಬಿಯೊಳಗ ಹಸಿ ಅರಿವಿ ಹಾಸಿ ಹೂವು ತರ್ತಾರ. ‘ನಿಮ್ಮ ಮನಿಗೆ ಎರಡು, ನಿನಗೊಂದು, ಸೊಸಿಗೊಂದು’ ಅಂತ ಲೆಕ್ಕಾ ಹಾಕಿ ಕೊಡ್ತಾರ. ಡಬ್ಬಿ ಮೂಲ್ಯಾಗ ನಾಲ್ಕೈದು ಹೇರ್‌ಪಿನ್ನೂ ಇಟ್ಟಿರ್ತಾರ. ತಮಗಲ್ಲ. ನಮ್ಮ ಹೆರಳಿಗೆ ಹೂವು ನಿಲ್ಲಲಿಲ್ಲ ಅಂದ್ರ ಚುಚ್ಚಲಿಕ್ಕೆ.

ಹೋದ ಶ್ರಾವಣದಾಗ ಓಣಿಯೊಳಗಿನ ಒಂದು ಮನಿ ಅರಿಷಿಣ-ಕುಂಕುಮಕ್ಕ ಎಲ್ಲಾರೂ ಕೂತಿದ್ವಿ. ‘ನೀವೂ ಬರ್ರಿ’ ಅಂತ ಕರದಿದ್ರು ಅಂತ ವೈನಿನೂ ಬಂದಿದ್ರು. ತಾಟಿನ್ಯಾಗ ಇದ್ದ ಗುಲಾಬಿ ಅಷ್ಟೂ ಅವರ ಮಾಳಗಿದೇ. ತಾಟು ಸಾಲಿನಿಂದ ಬಂತು, ಅವರ ಹತ್ರ ಬರೋದ್ರಾಗ ತಾಟು ಹಿಡದಾಕಿ ಕೈ ಮ್ಯಾಲೆ ಎತ್ತಿ ಆಚೀಕಡೆದಾಕಿಗೆ ಹಿಡದಳು. ವೈನಿ ಚಷ್ಮಾ ತಗದು ಸೆರಗಿಲೆ ಒರಸ್ಲಿಕ್ಕೆ ಸುರು ಮಾಡಿದ್ರು. ಚಷ್ಮಾಕ್ಕ ಏನೂ ಆಗಿರಲಿಲ್ಲ.

ಮರುದಿನ ನಾ ಮಾಳಗಿಗೆ ಹೋಗಿ ‘ವೈನಿ, ನಿಮಗ ಹೆಂಗ ಅನಿಸ್ತು’ ಅಂತ ಕೇಳಿದೆ. ‘ನನಗ ಹೂವಿನ ಆಶಾ ಏನಿಲ್ಲವಾ’ ಅಂದ್ರು. ಸ್ವಲ್ಪ ಹೊತ್ತು ಬಿಟ್ಟು ಅಂದ್ರು, ‘ತಾಟು ದಾಟಸೋ ಮುಂದ ಎಲ್ಲಾರೂ ನನ್ನ ಮಾರಿ ನೋಡ್ತಾರಲ್ಲ, ಅದೊಂದು ಬ್ಯಾಡಾಗ್ತದ.’

ಅಕ್ಕಂದಿರಾ, ನನ್ನ ಲೇಖನ ಅಷ್ಟೂ ಈ ಒಂದು ಮಾತಿನ ಸಲುವಾಗಿ. ಇದು ಹೂವಿನ ಆಶಾದ ಪ್ರಶ್ನೆ ಅಲ್ಲ. ಎಲ್ಲಾರ ನಡುವ ಒಬ್ಬಾಕಿನ್ನ ಬ್ಯಾರೆ ಮಾಡಿ ತೋರಸೋ ಪ್ರಶ್ನೆ. ಮುಡಿಯೋದು ಬಿಡೋದು ಅಕಿ ಇಷ್ಟ. ತಾಟು ನಿಲ್ಲಸೋದು ನಮ್ಮ ಕರ್ತವ್ಯ.

ಈಗ ಒಂದು ಕೇಳ್ತೇನಿ, ವಿಚಾರ ಮಾಡಿ ಹೇಳ್ರಿ. ಕೆಂಪ ಗುಲಾಬಿ ಅಂದ ಕೂಡಲೇ ನಮ್ಮ ದೇಶದಾಗ ಯಾರ ನೆನಪು ಬರ್ತದ? ಪಂಡಿತ ನೆಹರೂ ಅವರದು. ಶೇರವಾನಿ ಗುಂಡಿ ಹತ್ರ ಒಂದು ಕೆಂಪ ಗುಲಾಬಿ. ನವೆಂಬರ್ 14ಕ್ಕ ಸಣ್ಣ ಹುಡುಗರಿಗೆ ಬಿಳೇ ಅಂಗಿ ಹಾಕಿ, ಎದಿಗೆ ಗುಲಾಬಿ ಚುಚ್ಚಿ ಸಾಲಿಗೆ ಕಳಸ್ತೇವಿ. ಅವರ ಹೆಂಡತಿ ಕಮಲಾ ನೆಹರೂ ತೀರಿಕೊಂಡದ್ದು 1936ರಾಗ. ನೆಹರೂ ಪ್ರಧಾನಿ ಆದದ್ದು 1947ರಾಗ, 1964ರಾಗ ತೀರಿಕೊಳ್ಳೋತನಕಾ ಅವರೇ ಪ್ರಧಾನಿ. ಅಂದ್ರ ನಾವು ಫೋಟೋದಾಗ ನೋಡೋ ಆ ಗುಲಾಬಿ ಹೆಂಡತಿ ಕಳಕೊಂಡ ಗಂಡಸಿನ ಎದಿ ಮ್ಯಾಲಿನ ಗುಲಾಬಿ! ‘ಹೆಂಡತಿ ಇಲ್ಲ, ನಿಮಗ್ಯಾಕ ಹೂವು’ ಅಂತ ಒಬ್ಬರರೆ ಕೇಳಿದ್ರೇನು? ಕೇಳಲಿಲ್ಲ, ಕೇಳಬಾರದಾಗಿತ್ತು ಕೂಡ. ಛಂದ ಕಾಣಸ್ತದ ಅಂದ್ವಿ, ಮಕ್ಕಳಿಗೂ ಕಲಿಸಿದ್ವಿ. ಗಂಡಸಿನ ಎದಿ ಮ್ಯಾಲೆ ಛಂದ ಕಾಣೋ ಹೂವು ಹೆಂಗಸಿನ ತಲಿ ಮ್ಯಾಲೆ ಅಪಶಕುನ ಹೆಂಗ ಆಗ್ತದ? ಹೂವು ಅದೇ, ಕಳಕೊಂಡ ದುಃಖ ಅದೇ. ಬದಲಾದದ್ದು ಏನು ಅಂತ ನಿಮಗೂ ಗೊತ್ತದ.

ಇದಕ್ಕ ಬರೋ ಮಾತು ನನಗ ಗೊತ್ತವ. ಒಂದೊಂದಕ್ಕ ಉತ್ತರಾ ಕೊಡ್ತೇನಿ.

‘ಹೂವು ಮುತ್ತೈದಿತನದ ಗುರ್ತು, ಗಂಡನ ಜೋಡಿ ಹೋಗೋದು’ ಅಂತಾರ. ತಾಳಿ ಗಂಡ ಕಟ್ಟಿದ್ದು, ಖರೆ. ಹೂವು ಗಂಡ ತಂದದ್ದಲ್ಲ. ನನಗ ಮೊದಲ ಹೂವು ಮುಡಿಸಿದಾಕಿ ನಮ್ಮವ್ವ, ಇನ್ನೂ ಜಡಿ ಹಾಕಲಿಕ್ಕೆ ಕೂದಲ ಸಾಲತಿರಲಿಲ್ಲ. ನಿಮಗೂ ಹಂಗೇ. ತವರಮನಿಯಿಂದ, ಅವ್ವನ ಕೈಯಿಂದ ಬಂದದ್ದನ್ನ ಗಂಡನ ಜೋಡಿ ಕಳಿಸ್ರಿ ಅನ್ನೋದು ಯಾವ ನ್ಯಾಯ? ಅವ್ವ ಕೊಟ್ಟದ್ದನ್ನ ಕಸಗೊಳ್ಳೋ ಹಕ್ಕು ಓಣಿಯವರಿಗೆ ಇಲ್ಲ.

‘ಎಲ್ಲಾರಿಗೂ ಕೊಟ್ಟ ಮ್ಯಾಲೆ ಮುತ್ತೈದಿಗೆ ವಿಶೇಷ ಏನುಳೀತು’ ಅಂತ ಇನ್ನೊಂದು. ನೋಡ್ರಿ, ನಾನೂ ಕುಂಕುಮ ಹಚ್ಚಿ, ತಾಳಿ ಹಾಕ್ಕೊಂಡು ದೇವರಿಗೆ ‘ಇವರನ್ನ ಛಲೋ ಇಡಪ್ಪಾ’ ಅಂತ ದಿನಾ ಕೈ ಮುಗಿಯಾಕಿ. ನನ್ನ ಭಾಗ್ಯ ಇನ್ನೊಬ್ಬಾಕಿ ತಲಿ ಬೋಳಿದ್ರ ಮಾತ್ರ ಕಾಣಸ್ತದ ಅಂದ್ರ ಅದೆಂಥಾ ಭಾಗ್ಯ? ಪಕ್ಕದ ಮನಿಯೊಳಗ ದೀಪಾ ಹಚ್ಚಿದ್ರ ನಮ್ಮ ಮನಿ ದೀಪದ ಬೆಳಕು ಕಡಿಮಿ ಆಗಂಗಿಲ್ಲ.

‘ವಯಸಾದಾಕಿ ಕೆಂಪ ಗುಲಾಬಿ ಮುಡದ್ರ ಮಂದಿ ಏನಂದಾರು, ಪ್ರೀತಿ-ಪ್ರೇಮದ ಹೂವು ಅದು’ ಅಂತ ಮೂರನೇದು. ಅದರ ಸಲುವಾಗಿಯೇ ನಾ ಇಷ್ಟುದ್ದ ಕಥಿ ಹೇಳಿದ್ದು. ರೋಮಿನ ಮಂದಿ ಸಮಾಧಿಗೆ ಏರಿಸಿದ್ರು, ರಾಜಾ ಸಿಂಹಾಸನಕ್ಕ ಕೆತ್ತಿಸಿದ, ಜಪ ಮಾಡೋರು ಮಣಿಗೆ ಹೆಸರಿಟ್ರು, ಗಿರಣಿ ಹೆಂಗಸೂರು ಮರ್ಯಾದಿ ಅಂದ್ರು. ಪ್ರೇಮ ಅನ್ನೋದು ಪುಸ್ತಕ ಮಾರೋರು ಗಟ್ಟಿ ಮಾಡಿದ ಒಂದು ಅರ್ಥ, ಅಷ್ಟ. ಇನ್ನ ಪ್ರೀತಿ ಅಂತಲೇ ಇಟ್ಕೊಳ್ರಿ. ಮೂವತ್ತು ವರ್ಷ ಜೋಡಿ ಬಾಳೇ ಮಾಡಿದಾಕಿಗೆ ಅವರು ಹೋದ ಕೂಡಲೇ ಪ್ರೀತಿನೂ ಹೋಗ್ತದೇನು? ಅವರ ನೆನಪಿಗೇ ಒಂದು ಹೂವು ಮುಡದ್ರ ತಪ್ಪೇನು?

‘ಅವರಿಗೇ ಬ್ಯಾಡಂತ, ನಾವ್ಯಾಕ ಮೈಮ್ಯಾಲೆ ಬೀಳೋದು’ ಅನ್ನೋದು ಕಡೀ ಮಾತು. ಇದರಾಗ ಸ್ವಲ್ಪ ಖರೆ ಅದ. ಬ್ಯಾಡ ಅಂದವರಿಗೆ ಒತ್ತಾಯ ಮಾಡಬಾರದು. ಒತ್ತಾಯ ಮಾಡಿ ಮುಡಸೋದೂ ಅವರನ್ನ ಎಲ್ಲಾರ ಮುಂದ ನಿಲ್ಲಿಸಿದಂಗೇ ಆಗ್ತದ. ಆದ್ರ ಬ್ಯಾಡ ಅನ್ನಲಿಕ್ಕರೆ ತಾಟು ಅವರ ಮುಂದ ಬರಬೇಕಲ್ಲ? ಕೇಳದೇ ದಾಟಿಸಿ ‘ಅವರಿಗೇ ಬ್ಯಾಡಾಗಿತ್ತು’ ಅಂದ್ರ ಹೆಂಗ? ಊಟಕ್ಕ ಕೂತವರಿಗೆ ಹೋಳಗಿ ನೀಡದ ‘ಅವರು ಬಿಟ್ರು’ ಅಂದಂಗಾತು.

ನಾ ಏನು ಹೊಸಾದು ಹೇಳ್ಲಿಕತ್ತಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಗಡಿ ಹತ್ರ, ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ್ಯಾಗ ಹೇರವಾಡ ಅಂತ ಒಂದು ಹಳ್ಳಿ. ಅಲ್ಲಿನ ಗ್ರಾಮಸಭಾ 2022ರ ಮೇ ತಿಂಗಳದಾಗ ಒಂದು ಠರಾವು ಪಾಸ್ ಮಾಡಿತು: ಗಂಡ ತೀರಿಕೊಂಡಾಗ ಹೆಂಡತಿ ಬಳಿ ಒಡಿಯೋದು, ಕುಂಕುಮ ಅಳಸೋದು, ತಾಳಿ ಕಾಲುಂಗುರ ತಗಸೋದು ನಮ್ಮೂರಾಗ ಬಂದ್ ಅಂತ. ಅದನ್ನ ನೋಡಿ ಅದೇ ತಿಂಗಳದಾಗ ಮಹಾರಾಷ್ಟ್ರ ಸರಕಾರ ಉಳಿದ ಊರವರೂ ಹಿಂಗ ಮಾಡ್ರಿ ಅಂತ ಸುತ್ತೋಲೆ ಕಳಿಸ್ತು. ವೃಂದಾವನದಾಗ ಬಿಳೇ ಸೀರಿ ಉಟ್ಟು ಭಜನಿ ಮಾಡಿಕೊಂಡಿದ್ದ ಹೆಣ್ಣಮಕ್ಕಳು 2013ರಾಗ ಆಶ್ರಮದಾಗ ಹೂವಿನ ಪಕಳಿ ಎರಚಿ ಹೋಳಿ ಆಡಿದ್ರು. ಕೃಷ್ಣನ ಊರಾಗೇ ಆತು. ಕೃಷ್ಣ ಏನೂ ಸಿಟ್ಟಾಗಲಿಲ್ಲ. ಹೊಲಾ ಮನಿ ಮಾಡೋ ಹಳ್ಳಿ ಮಂದಿ ಠರಾವು ಮಾಡ್ತಾರಂದ್ರ, ಓದಿದವರು ಅನಿಸಿಕೊಂಡ ನಾವು ಒಂದು ತಾಟು ನಿಲ್ಲಸ್ಲಿಕ್ಕೆ ಆಗಂಗಿಲ್ಲೇನು?

ನಮಗ ಠರಾವು ಬ್ಯಾಡ, ಭಾಷಣ ಬ್ಯಾಡ. ಮನಿಯೊಳಗ ಮಾಡೋದು ಇಷ್ಟ. ಅರಿಷಿಣ-ಕುಂಕುಮಕ್ಕ ಕರಿಯೋ ಮುಂದ ಎಲ್ಲಾರನ್ನೂ ಒಂದೇ ಮಾತಿಲೆ ಕರೀರಿ, ‘ನೀವೂ ಬರ್ರಿ’ ಅಂತ ಬ್ಯಾರೆ ಧಾಟಿಯೊಳಗ ಬ್ಯಾಡ. ತಾಟು ಹಿಡಿಯೋ ಹುಡುಗಿಗೆ ಮೊದಲೇ ಹೇಳಿಡ್ರಿ, ಸಾಲಿನ್ಯಾಗ ಒಬ್ಬರನ್ನೂ ಬಿಡಬ್ಯಾಡ, ಎಲ್ಲಾರ ಮುಂದೂ ಅಷ್ಟೇ ಹೊತ್ತು ನಿಲ್ಲು ಅಂತ. ಹೂವು ಕುಂಕುಮದ ಬಟ್ಟಲದಿಂದ ಬ್ಯಾರೆ ತಾಟಿನ್ಯಾಗ ಇಟ್ರ ಇನ್ನೂ ಛಲೋ, ಕುಂಕುಮಕ್ಕ ಅಂಜೋರು ಹೂವಾದ್ರೂ ತಗೋತಾರ. ತಲಿಗೆ ಮುಡೀಲಿಕ್ಕೆ ಸಂಕೋಚ ಆದ್ರ ಕೈಯಾಗ ಹಿಡಕೊಳ್ಳಲಿ, ಮನಿಗೆ ಒಯ್ದು ದೇವರಿಗೆ ಏರಿಸ್ಲಿ, ಅವರ ಯಜಮಾನ್ರ ಫೋಟೋಕ್ಕ ಇಡ್ಲಿ. ಏನು ಮಾಡಿದ್ರು ಅಂತ ಹೊಳ್ಳಿ ನೋಡಬ್ಯಾಡ್ರಿ. ಆ ನೋಡೋದು ನಿಂತ್ರ ಅರ್ಧಾ ಕೆಲಸ ಆತು.

ಸೊಸಿ, ಮಗಳು ಇದ್ದವರು ಒಂದು ಮಾತು ಅವರ ಕಿವಿಮ್ಯಾಲೂ ಹಾಕ್ರಿ. ನಾಳೆ ನಮ್ಮ ಪೈಕಿ ಯಾರು ಮೊದಲು, ಯಾರು ಹಿಂದ ಅನ್ನೋದು ದೇವರಿಗೆ ಗೊತ್ತು. ಇದ್ದಾಗೇ ಹೇಳಿಡೋದು ಛಲೋ. ನಾ ನಮ್ಮ ಮನಿಯೊಳಗ ಹೇಳಿಟ್ಟೇನಿ: ‘ನಮ್ಮವರು ಮುಂದ ಹೋದ್ರ ನನಗ ಅಳಲಿಕ್ಕೆ ಬಿಡ್ರಿ, ಆದ್ರ ಗುಲಾಬಿ ಗಿಡದ ಹತ್ರ ಹೋಗಬ್ಯಾಡ ಅನಬ್ಯಾಡ್ರಿ.’ ನಮ್ಮವರು ಪೇಪರ್ ಓದಕೋತ ಕೂತಿದ್ರು, ‘ಈಗೇ ಕಳಿಸ್ಲಿಕತ್ತೀ ಏನು’ ಅಂದ್ರು! ನಗಿ ಬಂತು, ಆದ್ರ ಮಾತು ಮನಿಯೊಳಗ ಆತು.

ಶ್ರಾವಣ ಹತ್ರ ಬಂತು. ಗಿಡಾ ಇದ್ದವರು ಈಗಲೇ ಒಣ ಟೊಂಗಿ ಕತ್ತರಿಸಿ ಗೊಬ್ಬರಾ ಹಾಕ್ರಿ, ಹಬ್ಬಕ್ಕ ಮೊಗ್ಗು ಬರ್ತಾವ. ತಾಟಿನ್ಯಾಗ ಇಡೋ ಮುಂದ ಮನಿಗೆ ಬರೋ ಹೆಣ್ಣಮಕ್ಕಳನ್ನ ಎಣಸ್ರಿ, ಮುತ್ತೈದೇರನ್ನ ಅಷ್ಟ ಎಣಸಬ್ಯಾಡ್ರಿ.

ನಿಮಗ ಸಿಟ್ಟು ಬಂದಿದ್ರ ಮನಿಗೆ ಬರ್ರಿ, ಚಹಾ ಕುಡಕೋತ ಜಗಳಾಡೋಣ. ಬರೋದ್ರಾಗ ನಿಮ್ಮ ಗುಲಾಬಿದೊಂದು ಟೊಂಗಿ ತರ್ರಿ, ನನ್ನ ಹತ್ರ ಆ ಕಡುಗೆಂಪು ಇಲ್ಲ.